"ನಿಮ್ಮ ತಂದೆ ಏನಾಗಿ ತೀರಿಕೊಂಡರು?" – ನಮ್ಮ ಮನೆಯ ಹೃದಯದ ವಾಲ್ವ್ ಕಥೆ

ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಈ ವರ್ಷ ಫೆಬ್ರವರಿಯ ಒಂದು ಶನಿವಾರ ನಮ್ಮಣ್ಣ ಅರ್ಧ ಹತ್ತುವುದರೊಳಗೆ ಕಣ್ಣಿಗೆ ಕತ್ತಲೆ ಬಂದು ಕುಸಿದ. ಪಕ್ಕದಲ್ಲಿದ್ದ ಅವನ ಮಗ ಹಿಡಿದುಕೊಳ್ಳದಿದ್ದರೆ ತಲೆ ಕಲ್ಲಿಗೆ ಬಡಿಯುತ್ತಿತ್ತು. ಎರಡು ನಿಮಿಷಕ್ಕೆ ಎದ್ದು ಕೂತ. ನೀರು ಕುಡಿದ. "ಏನಿಲ್ಲ, ಬಿಸಿಲಿಗೆ ಹಂಗಾತು" ಅಂದ. ಶನಿವಾರದ ಉಪವಾಸ ಬೇರೆ. ಕೆಳಗಿಳಿದು ಗಂಗಾವತಿಯ ಒಂದು ಕ್ಲಿನಿಕ್‌ಗೆ ಹೋದರು. ಅಲ್ಲಿ ಇಸಿಜಿ ತೆಗೆದರು, ಒಂದು ಬಾಟ್ಲಿ ಸಲಾಯಿನ್ ಏರಿಸಿದರು, ಗ್ಯಾಸ್ಟ್ರಿಕ್ ಗುಳಿಗೆ ಬರೆದುಕೊಟ್ಟು ಕಳಿಸಿದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರೇನು ಅಂತ ಆಮೇಲೆ ಅಣ್ಣನನ್ನು ಕೇಳಿದೆ. ಅವನಿಗೆ ನೆನಪಿರಲಿಲ್ಲ.

ನಾನಿರುವುದು ಕೊಪ್ಪಳದಲ್ಲಿ. ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲಸ. ತವರು ಗಂಗಾವತಿ ಹತ್ತಿರದ ಹಳ್ಳಿ. ಅಣ್ಣನಿಗೆ 43, ನನಗೆ 38. ನಮ್ಮಪ್ಪ 1999ರಲ್ಲಿ, 47ನೇ ವಯಸ್ಸಿಗೆ, ಭತ್ತದ ನಾಟಿ ನಡೆದಾಗ ಗದ್ದೆಯ ಬದುವಿನ ಮೇಲೆ ಬಿದ್ದವರು ಮತ್ತೆ ಏಳಲಿಲ್ಲ. "ಹಾರ್ಟ್ ಅಟ್ಯಾಕ್" ಅಂದರು ಊರವರು. ನಾವೂ ಅದನ್ನೇ ಹೇಳಿಕೊಂಡು ಬಂದೆವು, 26 ವರ್ಷ.

ಅಣ್ಣ ಬಿದ್ದ ಸುದ್ದಿ ಕೇಳಿದಾಗ ನನಗೆ ಕಣ್ಣ ಮುಂದೆ ಬಂದದ್ದು ಆ ಬದುವೇ. ಅವನು ಬೇಡ ಅಂದರೂ ಬಿಡದೆ ಸೋಮವಾರ ಕೊಪ್ಪಳಕ್ಕೆ ಕರೆಸಿಕೊಂಡು ಒಬ್ಬ ಫಿಜಿಷಿಯನ್ ಹತ್ತಿರ ತೋರಿಸಿದೆ. ಅವರು ಸ್ಟೆತಸ್ಕೋಪ್ ಇಟ್ಟು ಒಂದು ನಿಮಿಷ ಕೇಳಿದರು. ಆಮೇಲೆ ಕುತ್ತಿಗೆ ಹತ್ತಿರ ಇಟ್ಟು ಕೇಳಿದರು. ನಂತರ ಕೇಳಿದ ಮೊದಲ ಪ್ರಶ್ನೆ: "ನಿಮ್ಮ ತಂದೆ ಏನಾಗಿ ತೀರಿಕೊಂಡರು?"

"ಹಾರ್ಟ್ ಅಟ್ಯಾಕ್ ಸರ್" ಅಂದೆ.

"ಯಾರು ಹೇಳಿದ್ದು? ಏನಾದರೂ ಕಾಗದ ಐತಾ?"

ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಕಾಗದ ಇರಬಹುದು ಅನ್ನುವ ಯೋಚನೆಯೇ ನಮಗೆ ಬಂದಿರಲಿಲ್ಲ.

ಅದೇ ದಿನ ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಯಿತು. ಖಾಸಗಿ ಸೆಂಟರ್, 1,800 ರೂಪಾಯಿ. ರಿಪೋರ್ಟ್‌ನಲ್ಲಿ ಬರೆದಿದ್ದು: ಅಯೋರ್ಟಿಕ್ ವಾಲ್ವ್ ತುಂಬ ಕಿರಿದಾಗಿದೆ. ಬಾಯಿ 0.8 ಚದರ ಸೆಂಟಿಮೀಟರ್ ಮಾತ್ರ. ಒಂದಕ್ಕಿಂತ ಕಡಿಮೆ ಇದ್ದರೆ ತೀವ್ರ ಅಂತ ಲೆಕ್ಕ. ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಮುಖ್ಯ ಬಾಗಿಲು ಇದೇ. ಬಾಗಿಲು ಸಣ್ಣದಾದರೆ ಮೆಟ್ಟಿಲು ಹತ್ತುವಾಗ, ಭಾರ ಎತ್ತುವಾಗ ಮೆದುಳಿಗೆ ಬೇಕಾದಷ್ಟು ರಕ್ತ ಸಾಲುವುದಿಲ್ಲ. ಅದಕ್ಕೇ ಬಿದ್ದದ್ದು. ಏದುಸಿರು, ಎದೆನೋವು, ಹೀಗೆ ತಲೆ ತಿರುಗಿ ಬೀಳುವುದು – ಈ ಮೂರರಲ್ಲಿ ಒಂದು ಶುರುವಾದ ಮೇಲೆ ಜಾಸ್ತಿ ಕಾಯಬಾರದು ಅಂದರು ಡಾಕ್ಟರ್. ಔಷಧದಿಂದ ವಾಲ್ವ್ ಅಗಲ ಆಗುವುದಿಲ್ಲ. ಬದಲಾಯಿಸಬೇಕು.

ಅಣ್ಣನ ಎದೆಯಲ್ಲಿ ಸದ್ದು ಇರುವುದು ನಮಗೆ ಹೊಸದಲ್ಲ. 14ನೇ ವಯಸ್ಸಿನಲ್ಲಿ ಶಾಲೆಯ ತಪಾಸಣೆಯಲ್ಲೇ ಗೊತ್ತಾಗಿತ್ತು. ಆಗ ತೋರಿಸಿದ ಒಬ್ಬ ಡಾಕ್ಟರ್ ಅದನ್ನು ರುಮ್ಯಾಟಿಕ್ ಅಂದರು. 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ಅಣ್ಣ ಆರು ವರ್ಷ ತೆಗೆದುಕೊಂಡ. ಇಂಜೆಕ್ಷನ್ ದಿನ ಸೊಂಟ ಹಿಡಿದುಕೊಂಡು ಕುಂಟುತ್ತಾ ಮನೆಗೆ ಬರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ನಿಂತುಹೋಯಿತು. ಎಕೋ ಮಾತ್ರ ಒಂದು ಸಲವೂ ಆಗಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಮ್ಮ ಕಡೆ ಈ ಗೊಂದಲ ಜಾಸ್ತಿ. ರುಮ್ಯಾಟಿಕ್ ಅನ್ನುವುದು ಹುಟ್ಟಿನಿಂದ ಬರುವ ಕಾಯಿಲೆ ಅಲ್ಲ. ಚಿಕ್ಕ ಮಕ್ಕಳಿಗೆ, ಹೆಚ್ಚಾಗಿ 5ರಿಂದ 15 ವರ್ಷದೊಳಗೆ, ಗಂಟಲು ಬೇನೆ ಬಂದು ಅದಕ್ಕೆ ಸರಿಯಾದ ಔಷಧ ಸಿಗದೆ ಹೋದರೆ, ಆಮೇಲೆ ಕೀಲುನೋವು, ಜ್ವರ ಬಂದು ವಾಲ್ವ್ ಕೆಡುವ ಕಾಯಿಲೆ ಅದು. ಒಂದೇ ಮನೆಯಲ್ಲಿ ಇಬ್ಬರಿಗೆ ಬರಬಹುದು. ಸಣ್ಣ ಮನೆ, ಒಟ್ಟಿಗೆ ಮಲಗುವ ಮಕ್ಕಳು, ಒಬ್ಬರ ಗಂಟಲು ಬೇನೆ ಇನ್ನೊಬ್ಬರಿಗೆ. ಹಾಗಾಗಿ "ನಮ್ಮಪ್ಪಗೂ ವಾಲ್ವ್ ಇತ್ತು, ನನಗೂ ಐತಿ" ಅಂದ ಮಾತ್ರಕ್ಕೆ ಅದು ವಂಶದ್ದೇ ಆಗಬೇಕಿಲ್ಲ. ವಂಶದ್ದು ಅಲ್ಲವೇ ಅಲ್ಲ ಅನ್ನುವಂತೆಯೂ ಇಲ್ಲ. ಎಕೋ ನೋಡಿಯೇ ಹೇಳಬೇಕು. ಒಂದು ಮಾತು: ನಿಮ್ಮ ಮನೆಯಲ್ಲಿ ಯಾರಿಗಾದರೂ ಆ ಇಂಜೆಕ್ಷನ್ ನಡೆದಿದ್ದರೆ ನನ್ನ ಈ ಬರಹ ಓದಿ ನಿಲ್ಲಿಸಬೇಡಿ. ನಿಜವಾಗಿ ರುಮ್ಯಾಟಿಕ್ ಇದ್ದವರಿಗೆ ಆ ಇಂಜೆಕ್ಷನ್ನೇ ಜೀವ ಕಾಯುವುದು.

ಮುಂದಿನ ಭಾನುವಾರ ತವರಿಗೆ ಹೋಗಿ ಅಪ್ಪನ ಟ್ರಂಕ್ ತೆಗೆದೆ.

ಮೇಲೆ ಅಪ್ಪನ ಧೋತರ, ಕೆಂಪು ರುಮಾಲು. ಡಾಂಬರು ಗುಳಿಗೆಯ ವಾಸನೆ. ಕೆಳಗೆ ಪಹಣಿ, ಕಾಲುವೆ ನೀರಿನ ಕರ ಕಟ್ಟಿದ ರಸೀದಿಗಳು, ನನ್ನ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್. ಎಲ್ಲಕ್ಕಿಂತ ಅಡಿಗೆ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ, ಅದಕ್ಕೆ ಪಿನ್ ಹೊಡೆದ ನುಣುಪಾದ ಎರಡು ಕಾಗದ. ನುಣುಪು ಕಾಗದದ ಮೇಲೆ ಏನೂ ಇರಲಿಲ್ಲ, ಚಿತ್ರ ಪೂರ್ತಿ ಅಳಿಸಿ ಬೆಳ್ಳಗಾಗಿತ್ತು. ಹಾಳೆಯ ಮೇಲೆ ಟೈಪ್ ಮಾಡಿದ ಅಕ್ಷರ ಉಳಿದಿತ್ತು. 1998, ಬಳ್ಳಾರಿ. ಅಪ್ಪನ ಹೆಸರು, ವಯಸ್ಸು 46. ಕೊನೆಯ ಸಾಲು: "ಕ್ಯಾಲ್ಸಿಫೈಡ್ ಎ.ವಿ., ಸಿವಿಯರ್ ಎ.ಎಸ್." ಅಯೋರ್ಟಿಕ್ ವಾಲ್ವ್‌ಗೆ ಸುಣ್ಣ (ಕ್ಯಾಲ್ಸಿಯಂ) ಕಟ್ಟಿದೆ, ತುಂಬ ಕಿರಿದಾಗಿದೆ ಅಂತ ಅರ್ಥ.

ಅದನ್ನು ಓದಿದ ಮೇಲೆ ನಾನು ತುಂಬ ಹೊತ್ತು ಅಲ್ಲೇ ಕೂತಿದ್ದೆ. ಅಣ್ಣನ ರಿಪೋರ್ಟ್‌ನಲ್ಲಿ ಇದ್ದದ್ದೂ ಅದೇ ಸಾಲು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಿನಗ ಗೊತ್ತಿತ್ತೇನವ್ವ?" ಅಂದೆ. ಬಂದು ಪಕ್ಕದಲ್ಲಿ ಕೂತಳು. "ವಾಲು ಸಣ್ಣದಾಗೇತಿ, ಆಪರೇಷನ್ ಮಾಡಸ್ಬೇಕು ಅಂದಿದ್ರು. ಬೆಂಗಳೂರಿಗೆ ಹೋಗ್ರಿ ಅಂದಿದ್ರು. ರೊಕ್ಕ ಎಲ್ಲಿತ್ತವ್ವ? ಸುಗ್ಗಿ ಆದಮ್ಯಾಲ ನೋಡೂಣು ಅಂದ್ರು ನಿಮ್ಮಪ್ಪ. ಎರಡು ಸುಗ್ಗಿ ಹೋತು. ನೀವು ಸಣ್ಣವರಿದ್ರಿ, ನಿಮಗ ಏನಂತ ಹೇಳ್ಲಿ." ಅಷ್ಟು ಹೇಳಿ ಸೆರಗು ಬಾಯಿಗಿಟ್ಟುಕೊಂಡಳು. 26 ವರ್ಷ ಅವಳು ಇದನ್ನು ಯಾರ ಹತ್ತಿರವೂ ಆಡಿರಲಿಲ್ಲ. ಊರವರು ಹಾರ್ಟ್ ಅಟ್ಯಾಕ್ ಅಂದಾಗ ಸುಮ್ನೆ ಇದ್ದಳು. ದುಡ್ಡಿಲ್ಲದೆ ಗಂಡನನ್ನು ಉಳಿಸಿಕೊಳ್ಳಲಿಲ್ಲ ಅನ್ನುವುದಕ್ಕಿಂತ ಆ ಮಾತೇ ಅವಳಿಗೆ ಹಗುರವಾಗಿತ್ತು ಅಂತ ನನಗೆ ಅನಿಸಿತು. ನಾನು ಅವಳಿಗೆ ಏನೂ ಅನ್ನಲಿಲ್ಲ. ನೀವೂ ನಿಮ್ಮ ಮನೆಯ ಹಿರಿಯರನ್ನು ಇದನ್ನು ಕೇಳುವಾಗ ಮೆಲ್ಲಗೆ ಕೇಳಿ, ಪಕ್ಕದಲ್ಲಿ ಕೂತು ಕೇಳಿ.

ಇನ್ನೊಂದು ಮಾತು. ಇಸಿಜಿ, ಎಕೋದ ನುಣುಪು ಕಾಗದ ಬಿಸಿಲಿಗೆ, ಕಾಲಕ್ಕೆ ಅಳಿಸಿಹೋಗುತ್ತದೆ. ಮನೆಗೆ ಬಂದ ದಿನವೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ, ಜೆರಾಕ್ಸ್ ಮಾಡಿಸಿ.

ಮಾರ್ಚ್ ಮೊದಲ ವಾರ ಹುಬ್ಬಳ್ಳಿಗೆ ಹೋದೆವು. ಬೆಳಗಿನ ರೈಲು. ಆಸ್ಪತ್ರೆಯ ಹೆಸರು ಬೇಡ. ಟೋಕನ್ 64, ಒಳಗೆ ಕರೆದಾಗ ಮಧ್ಯಾಹ್ನ ಎರಡೂವರೆ. ಬುತ್ತಿ ಕಟ್ಟಿಕೊಂಡು ಹೋಗಿದ್ದು ಒಳ್ಳೇದಾಯಿತು. ಅಲ್ಲಿನ ಹೃದ್ರೋಗ ತಜ್ಞರು ಮತ್ತೊಮ್ಮೆ ಎಕೋ ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು. ಸಾಮಾನ್ಯವಾಗಿ ಈ ವಾಲ್ವ್‌ಗೆ ಮೂರು ಎಲೆ ಇರುತ್ತವೆ, ಮುಚ್ಚಿಕೊಂಡಾಗ ಬೆಂಜ್ ಕಾರಿನ ಗುರುತಿನ ಹಾಗೆ ಮೂರು ಗೆರೆ ಕಾಣುತ್ತವೆ ಅಂದರು. ಅಣ್ಣನದು ತೆರೆದುಕೊಂಡಾಗ ಮೀನಿನ ಬಾಯಿಯ ಹಾಗೆ ಒಂದೇ ಸೀಳು. ಮೇಲೊಂದು ಎಲೆ, ಕೆಳಗೊಂದು ಎಲೆ. ಅಂಚಿನಲ್ಲೆಲ್ಲ ಬೆಳ್ಳಗೆ ಸುಣ್ಣ ಕಟ್ಟಿತ್ತು. ಬೈಕಸ್ಪಿಡ್ ವಾಲ್ವ್ ಅನ್ನುತ್ತಾರೆ ಇದನ್ನು. ಹೊಟ್ಟೆಯಲ್ಲಿದ್ದಾಗಲೇ ಹಾಗೆ ರೂಪುಗೊಂಡಿರುತ್ತದೆ. ಚಿಕ್ಕಂದಿನಲ್ಲಿ ಏನೂ ತೊಂದರೆ ಕೊಡದೆ ಇರಬಹುದು. ಎರಡೇ ಎಲೆಯ ಮೇಲೆ ಜಾಸ್ತಿ ಒತ್ತಡ ಬಿದ್ದು, ಬೇರೆಯವರಿಗೆ 70, 80ರಲ್ಲಿ ಕಟ್ಟುವ ಸುಣ್ಣ ಇಂಥವರಿಗೆ 40, 50ರಲ್ಲೇ ಕಟ್ಟುತ್ತದೆ.

"ಹಾಗಾದರೆ ರುಮ್ಯಾಟಿಕ್?" ಅಂತ ಕೇಳಿದೆ. ರುಮ್ಯಾಟಿಕ್ ಆಗಿದ್ದರೆ ಸಾಮಾನ್ಯವಾಗಿ ಮೊದಲು ಕೆಡುವುದು ಹೃದಯದ ಇನ್ನೊಂದು ವಾಲ್ವ್, ಮೈಟ್ರಲ್, ಇವರದು ಅದು ಸ್ವಚ್ಛ ಇದೆ ಅಂದರು.

ಅಪ್ಪನ ಹಾಳೆ ತೋರಿಸಿದೆ. ಕನ್ನಡಕ ಮೇಲೇರಿಸಿ ಎರಡು ಸಲ ಓದಿದರು. ಅದರಲ್ಲಿ ಎಷ್ಟು ಎಲೆ ಅಂತ ಬರೆದಿರಲಿಲ್ಲ. ಆದರೂ 46ನೇ ವಯಸ್ಸಿಗೆ ಇಷ್ಟು ಸುಣ್ಣ ಕಟ್ಟಿದೆ ಅಂದರೆ ಅದೂ ಎರಡೆಲೆಯೇ ಇರುವ ಸಾಧ್ಯತೆ ಜಾಸ್ತಿ ಅಂದರು. ಆಮೇಲೆ ನನ್ನ ಕಡೆ ನೋಡಿ, "ನಿಮ್ಮದು ಎಕೋ ಆಗಿದೆಯಾ?" ಅಂದರು.

ನನಗೇನೂ ಇಲ್ಲ ಸರ್, ಎರಡು ಹೆರಿಗೆ ಆಗಿದೆ, ದಿನಾ ಓಡಾಡುತ್ತೇನೆ ಅಂದೆ. ಆಗ ಅವರು ಒಂದು ಹಾಳೆಯ ಹಿಂದೆ ವಂಶವೃಕ್ಷ ಬರೆದರು. ನೂರು ಜನರಲ್ಲಿ ಒಬ್ಬಿಬ್ಬರಿಗೆ ಈ ಎರಡೆಲೆ ವಾಲ್ವ್ ಇರುತ್ತದೆ, ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ. ಆದರೆ ಒಬ್ಬರಿಗೆ ಇದ್ದರೆ ಅವರ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ ಇರುತ್ತದೆ. ಅದಕ್ಕೇ ಅವರೆಲ್ಲ ಒಂದು ಸಲ ಎಕೋ ಮಾಡಿಸಬೇಕು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವಾ ಅಂದೆ. ನಾಚ್-1 ಅನ್ನುವ ಒಂದು ಜೀನ್ 2005ರಲ್ಲಿ ಸಿಕ್ಕಿದೆ, ಆದರೆ ಅದು ಕೆಲವೇ ಮನೆತನಗಳಲ್ಲಿ ಕಾಣುತ್ತದೆ, ಅದರಲ್ಲಿ ಇಲ್ಲ ಅಂದರೆ ನಿಮಗೆ ಇಲ್ಲ ಅಂತಲ್ಲ ಅಂದರು. ಎಕೋ ಸಾಕು. ಇಸಿಜಿ ಸಾಲದು. ಇಸಿಜಿ ಸರಿ ಇದ್ದೂ ವಾಲ್ವ್ ಎರಡೆಲೆ ಇರಬಹುದು.

ಅವರು ಬರೆದ ಆ ಹಾಳೆಯನ್ನು ನಾನು ಒಂದು ಇನ್ನೂರು ಪುಟದ ನೋಟ್‌ಬುಕ್‌ಗೆ ಅಂಟಿಸಿದೆ. ಹನ್ನೊಂದು ಹೆಸರು. ಅಪ್ಪನಿಗೇ ಇತ್ತು ಅನ್ನುವ ಲೆಕ್ಕದಲ್ಲಿ ಅಪ್ಪನ ತಮ್ಮ, ತಂಗಿ ಕೂಡ ಸೇರಿದರು.

ಮೊದಲು ಅಣ್ಣನ ಆಪರೇಷನ್ ಮಾತು ಮುಗಿಸುತ್ತೇನೆ.

ಅಣ್ಣನದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಬೇಕೆಂದರೆ, ತುರ್ತು ಅಲ್ಲದಿದ್ದರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಅದಕ್ಕೆ ಎಕೋ ರಿಪೋರ್ಟ್, ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಮೂರು ಮೂರು ಸೆಟ್ ಹಿಡಿದುಕೊಂಡು ಹೋದೆ. ಅಲ್ಲಿಗೆ ಬಂದು ಗಾಡಿ ನಿಂತಿತು. ಆಧಾರ್‌ನಲ್ಲಿ ಅಣ್ಣನ ಹೆಸರು "ವೀ"ಯಿಂದ ಶುರು, ರೇಷನ್ ಕಾರ್ಡ್‌ನಲ್ಲಿ "ಈ"ಯಿಂದ. ನಮ್ಮ ಕಡೆ ಮಂದಿಗೆ ಇದು ಹೇಳಬೇಕಾಗಿಲ್ಲ, ಊರಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಕಂಪ್ಯೂಟರ್ ಕೇಳುವುದಿಲ್ಲ. ತಿದ್ದಿಸಲು 19 ದಿನ ಹೋದವು. ಆ 19 ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ರಾತ್ರಿ ಫೋನ್ ಬಡಿದರೆ ಎದೆ ಝಲ್ಲೆನ್ನುತ್ತಿತ್ತು. ನಿಮ್ಮ ಮನೆಯಲ್ಲಿ ಕಾಯಿಲೆ ಇರಲಿ ಬಿಡಲಿ, ಇವತ್ತೇ ಎಲ್ಲರ ಎರಡೂ ಕಾರ್ಡ್ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ತಾರೀಖು ಹೊಂದಿಸಿ ನೋಡಿ.

ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಲ್ಲಷ್ಟೇ ಅಲ್ಲ, ಮೈಸೂರು, ಕಲಬುರಗಿಯಲ್ಲೂ ಇದೆ. ಕಲಬುರಗಿಯಲ್ಲಿ 371 ಹಾಸಿಗೆಯ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆ ಆಯಿತು. ರಾಯಚೂರು ಕಡೆಯವರಿಗೆ ಅದು ಅನುಕೂಲ. ನಮಗೆ ಕೊಪ್ಪಳದಿಂದ ಹುಬ್ಬಳ್ಳಿ ಹತ್ತಿರ, ವೈನಿಯ (ಅಣ್ಣನ ಹೆಂಡತಿಯ) ತವರೂ ಅಲ್ಲೇ, ಹಾಗಾಗಿ ಅಲ್ಲೇ ಗಟ್ಟಿ ಮಾಡಿದೆವು.

ರೆಫರಲ್ ಆಗಿ ಏಪ್ರಿಲ್ ಕೊನೆಗೆ ಅಡ್ಮಿಟ್ ಅಂದುಕೊಂಡು ಹೋದರೆ, ಹಲ್ಲು ಅಡ್ಡ ಬಂತು. ಹೌದು, ಹಲ್ಲು. ವಾಲ್ವ್ ಹಾಕುವ ಮುಂಚೆ ಹಲ್ಲಿನ ಡಾಕ್ಟರ್ ಬಾಯಿ ನೋಡಿ ಸರಿ ಇದೆ ಅಂತ ಬರೆದುಕೊಡಬೇಕು. ಹುಳುಕು ಹಲ್ಲಿನ ಸೋಂಕು ರಕ್ತಕ್ಕೆ ಸೇರಿ ಹೊಸ ವಾಲ್ವ್ ಮೇಲೆ ಕೂತರೆ ಜೀವಕ್ಕೇ ಅಪಾಯ. ಅಣ್ಣನಿಗೆ ಎಲೆ-ಅಡಿಕೆ ಚಟ. ಎರಡು ದವಡೆ ಹಲ್ಲು ಕೀಳಬೇಕಾಯಿತು, ವಸಡು ಮಾಯುವವರೆಗೆ ಕಾಯಬೇಕಾಯಿತು. ಇದನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಆ 19 ದಿನದಲ್ಲೇ ಹಲ್ಲಿನ ಕೆಲಸ ಮುಗಿಯುತ್ತಿತ್ತು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಆಪರೇಷನ್ ಅಂತ ಗೊತ್ತಾದ ವಾರವೇ ಹಲ್ಲು ತೋರಿಸಿ.

ಆಂಜಿಯೋಗ್ರಾಮ್ ಆಯಿತು. ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇಲ್ಲ. ಸಿಟಿ ಸ್ಕ್ಯಾನ್ ಮಾಡಿ ಅಯೋರ್ಟಾ ಅಳೆದರು, 4.2 ಸೆಂಟಿಮೀಟರ್. ಎರಡೆಲೆ ವಾಲ್ವ್ ಇದ್ದವರಿಗೆ ಹೃದಯದಿಂದ ಹೊರಡುವ ಆ ದೊಡ್ಡ ನಾಳವೂ ಕೆಲವೊಮ್ಮೆ ಉಬ್ಬುತ್ತದೆ. 4.5 ದಾಟಿದ್ದರೆ ಅದನ್ನೂ ಜೊತೆಗೇ ಬದಲಾಯಿಸುವ ವಿಚಾರ ಮಾಡುತ್ತಿದ್ದೆವು ಅಂದರು ಸರ್ಜನ್.

ಆಮೇಲೆ ಯಾವ ವಾಲ್ವ್ ಅನ್ನುವ ಪ್ರಶ್ನೆ. ಲೋಹದ್ದಾದರೆ ಬಾಳಿಕೆ ಜಾಸ್ತಿ, ಆದರೆ ಜೀವಮಾನ ಪೂರ್ತಿ ರಕ್ತ ತೆಳು ಮಾಡುವ ಗುಳಿಗೆ. ಪ್ರಾಣಿಯ ಅಂಗಾಂಶದ್ದಾದರೆ ಆ ಗುಳಿಗೆಯ ಕಾಟ ಕಡಿಮೆ, ಆದರೆ 10ರಿಂದ 15 ವರ್ಷಕ್ಕೆ ಮತ್ತೆ ಬದಲಾಯಿಸಬೇಕಾಗಬಹುದು. 43ರ ವಯಸ್ಸಿಗೆ ಲೋಹದ್ದನ್ನೇ ಹೇಳಿದರು. ಅಣ್ಣ "ಎರಡನೇ ಸಲ ಎದಿ ಕೊಯ್ಸಕೊಳ್ಳಾಕ ಆಗೂದಿಲ್ಲ" ಅಂದ. ಅಲ್ಲಿಗೆ ತೀರ್ಮಾನ.

ಜೂನ್ ಎರಡನೇ ವಾರ ಆಪರೇಷನ್. ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನ ಒಂದೂವರೆಗೆ ಹೊರಗೆ ಬಂದು ಹೇಳಿದರು. ಆ ಆರೂವರೆ ಗಂಟೆ ಅವ್ವ ಒಂದು ಗುಟುಕು ಚಹಾ ಕೂಡ ಕುಡಿಯಲಿಲ್ಲ. ಸರ್ಜನ್ ಹೇಳಿದ್ದು ಒಂದೇ ಮಾತು: "ಎರಡೇ ಎಲೆ ಇತ್ತು, ಕಲ್ಲಿನಂಗ ಆಗಿತ್ತು." ಅವ್ವ ಗೋಡೆಗೆ ಹಣೆ ಹಚ್ಚಿ ಅತ್ತಳು. ಅಣ್ಣ ಉಳಿದ ಅಂತ ಅತ್ತಳೋ, ಅಪ್ಪನನ್ನು ನೆನೆದು ಅತ್ತಳೋ, ನಾನು ಕೇಳಲಿಲ್ಲ.

ಐಸಿಯುನಲ್ಲಿ ಮೂರು ದಿನ, ಒಟ್ಟು ಹನ್ನೊಂದು ದಿನ. ಆಪರೇಷನ್‌ಗೆ ನಾವು ಕಟ್ಟಿದ್ದು ಏನೂ ಇಲ್ಲ. ಆದರೂ ಕೈಯಿಂದ ಹೋದದ್ದು ಎಲ್ಲ ಸೇರಿ ಸುಮಾರು 58 ಸಾವಿರ. ಮೊದಲಿನ ಎಕೋಗಳು, ಸಿಟಿ, ಹಲ್ಲು, ಓಡಾಟ, ಜೊತೆಗಿದ್ದವರ ರೂಮು ಊಟ, ಮನೆಗೆ ಬಂದ ಮೇಲಿನ ಔಷಧ. ಅಣ್ಣನ ಎರಡು ತಿಂಗಳ ದುಡಿಮೆ ಈ ಲೆಕ್ಕದಲ್ಲಿ ಇಲ್ಲ. ರಕ್ತ ಕೊಡಲು ಊರಿಂದ ಐದು ಹುಡುಗರು ಬಂದಿದ್ದರು. ಅವರ ಋಣ ನಮ್ಮ ಮೇಲಿದೆ.

ಈಗ ಅಣ್ಣ ದಿನಾ ರಾತ್ರಿ ಎಂಟಕ್ಕೆ ಆ ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುತ್ತಾನೆ. ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆ ಮೊದಮೊದಲು ವಾರಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ. ಅವನದು 2ರಿಂದ 3ರ ನಡುವೆ ಇರಬೇಕು. ಜುಲೈನಲ್ಲಿ ಒಮ್ಮೆ 1.4ಕ್ಕೆ ಇಳಿದಿತ್ತು. ವಿಚಾರಿಸಿದರೆ ವೈನಿ ಶಕ್ತಿ ಬರಲಿ ಅಂತ ವಾರ ಪೂರ್ತಿ ಪುಂಡಿಪಲ್ಲೆ, ಮೆಂತೆ, ರಾಜಗಿರಿ ಮಾಡಿ ಹಾಕಿದ್ದಳು. ಸೊಪ್ಪು ಜಾಸ್ತಿಯಾದರೆ ಆ ಗುಳಿಗೆಯ ಕೆಲಸ ಕಡಿಮೆಯಾಗುತ್ತದೆ. ಸೊಪ್ಪು ತಿನ್ನಬಾರದು ಅಂತಿಲ್ಲ, ಪ್ರತಿ ವಾರ ಒಂದೇ ಅಳತೆ ಇರಬೇಕು ಅಷ್ಟೇ. ಜ್ವರ ಅಂತ ಊರಲ್ಲಿ ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳುವಂತಿಲ್ಲ, ರಕ್ತ ಒಳಗೇ ಸೋರಿ ಹೆಪ್ಪುಗಟ್ಟುತ್ತದೆ. ನೋವಿನ ಗುಳಿಗೆ ಅಂಗಡಿಯಿಂದ ತರುವಂತಿಲ್ಲ. ಹಲ್ಲು ಕೀಳಿಸುವ ಮುಂಚೆ ಆಂಟಿಬಯೋಟಿಕ್ ಬೇಕು. ರಾತ್ರಿ ಲೈಟು ಆರಿಸಿದ ಮೇಲೆ ಅವನ ಪಕ್ಕ ಕೂತರೆ ಎದೆಯಿಂದ ಸಣ್ಣಗೆ ಟಿಕ್ ಟಿಕ್ ಕೇಳುತ್ತದೆ. ಅವನ ಮಗಳಿಗೆ ಮೊದಲು ಅದು ಹೆದರಿಕೆಯಾಗಿತ್ತು, ಈಗ ಅದನ್ನು ಕೇಳುತ್ತಲೇ ಮಲಗುತ್ತಾಳೆ.

ಇನ್ನು ನೋಟ್‌ಬುಕ್ಕಿನ ಹೆಸರುಗಳು.

ನನ್ನದು ಏಪ್ರಿಲ್‌ನಲ್ಲೇ ಆಯಿತು. ತಣ್ಣನೆಯ ಜೆಲ್ ಹಚ್ಚಿ ಪಕ್ಕೆಲುಬಿನ ನಡುವೆ ಒತ್ತುತ್ತಾರೆ, ಇಪ್ಪತ್ತು ನಿಮಿಷ, ನೋವಿಲ್ಲ. ಹೆಂಗಸರಿಗೆ ಒಂದು ಮಾತು: ಮುಂದೆ ಗುಂಡಿ ಇರುವ ಬಟ್ಟೆ ಹಾಕಿಕೊಂಡು ಹೋಗಿ, ಜೊತೆಗೆ ಮಹಿಳಾ ಸಿಬ್ಬಂದಿ ಇರಲಿ ಅಂತ ಕೇಳಿ. ನಾನು ಪರದೆಯನ್ನೇ ನೋಡುತ್ತಿದ್ದೆ. ಬೆಂಜ್ ಗುರುತು ಹುಡುಕುತ್ತಿದ್ದೆ. ಸಿಗಲಿಲ್ಲ. ಮೀನಿನ ಬಾಯಿ ಕಂಡಿತು.

ನನ್ನದೂ ಎರಡೆಲೆ. ಸ್ವಲ್ಪ ಸೋರುತ್ತದೆ, ಕಿರಿದಾಗಿಲ್ಲ, ಅಯೋರ್ಟಾ 3.6. ಈಗ ಔಷಧ ಏನೂ ಬೇಡ, ಬಿಪಿ ನೋಡಿಕೊಳ್ಳಿ, ವರ್ಷಕ್ಕೊಮ್ಮೆ ಬನ್ನಿ ಅಂದರು. ಎರಡು ಸಲ ಬಸುರಿಯಾದಾಗ ಯಾರಿಗೂ ಇದು ಗೊತ್ತಿರಲಿಲ್ಲ. ಮದುವೆಯಾಗಿ ಮಕ್ಕಳ ಯೋಚನೆಯಲ್ಲಿರುವವರು ಮೊದಲೇ ತಿಳಿದುಕೊಂಡರೆ ಡಾಕ್ಟರ್ ಅದಕ್ಕೆ ತಕ್ಕಂತೆ ನೋಡಿಕೊಳ್ಳುತ್ತಾರೆ. ಆ ದಿನ ಮನೆಗೆ ಬಂದು ನನ್ನ ಇಬ್ಬರು ಮಕ್ಕಳು ಮಲಗಿದ್ದನ್ನು ನೋಡುತ್ತಾ ಕೂತೆ. ನನ್ನಿಂದ ಅವರಿಗೂ ಹೋಯಿತೇನೋ ಅನ್ನುವ ಸಂಕಟ ಹೇಳಲಾರೆ. ಮರುವಾರ ಇಬ್ಬರದೂ ಎಕೋ. ಇಬ್ಬರಿಗೂ ಮೂರು ಎಲೆ. ಆಸ್ಪತ್ರೆಯ ಮೆಟ್ಟಿಲ ಮೇಲೇ ನಾನು ಅತ್ತುಬಿಟ್ಟೆ.

ಅವ್ವನದು, ಸಿಂಧನೂರಿನ ಅತ್ತೆಯದು (ಅಪ್ಪನ ತಂಗಿ) ಸರಿ ಇದೆ. ಅಣ್ಣನ ಮಗಳದೂ ಸರಿ. ಅಣ್ಣನ 16 ವರ್ಷದ ಮಗನಿಗೆ ಮಾತ್ರ ಎರಡೆಲೆ, ಸದ್ಯ ಚೆನ್ನಾಗಿ ಕೆಲಸ ಮಾಡುತ್ತಿದೆ. ಅವನು ಕಬಡ್ಡಿ ಆಡುತ್ತಾನೆ. ಆಡಲಿ, ಆದರೆ ಜಿಮ್‌ಗೆ ಹೋಗಿ ಭಾರ ಎತ್ತುವುದು ಬೇಡ ಅಂದರು.

ಭಾರ ಎತ್ತುವ ಮಾತು ಬಂತಲ್ಲ, ನಮ್ಮ ಕಾಕಾನಿಗೆ, ಅಪ್ಪನ ತಮ್ಮನಿಗೆ, 56. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷದಿಂದ ಹಮಾಲಿ. "ದಿನಕ್ಕ ನೂರು ಚೀಲ ಹೊರ್ತೀನಿ, ನನಗೇನಾಗೇತಿ?" ಅಂತ ನಾಲ್ಕು ತಿಂಗಳು ಸತಾಯಿಸಿದ. ಮೊದಲು ಒಂದು ಉಚಿತ ಶಿಬಿರದಲ್ಲಿ ಎಕೋ ಮಾಡಿಸಿಕೊಂಡು ಬಂದ, ರಿಪೋರ್ಟ್‌ನಲ್ಲಿ "ನಾರ್ಮಲ್" ಅಂತ ಒಂದೇ ಪದ. ಎಷ್ಟು ಎಲೆ, ಅಯೋರ್ಟಾ ಎಷ್ಟು ಅಂತ ಏನೂ ಇಲ್ಲ. ಇದನ್ನು ದಯವಿಟ್ಟು ಗಮನಿಸಿ. ಎಕೋ ಮಾಡುವವರಿಗೆ ಮೊದಲೇ "ಮನೆಯಲ್ಲಿ ಬೈಕಸ್ಪಿಡ್ ಇದೆ, ಎಲೆ ಎಣಿಸಿ, ಅಯೋರ್ಟಾ ಅಳೆದು ಬರೆಯಿರಿ" ಅಂತ ಹೇಳಬೇಕು. ಅಣ್ಣನ ರಿಪೋರ್ಟಿನ ಪ್ರತಿ ಕೈಯಲ್ಲಿರಬೇಕು. ಆಗಸ್ಟ್‌ನಲ್ಲಿ ನಾನೇ ಕರೆದುಕೊಂಡು ಹೋಗಿ ಮತ್ತೆ ಮಾಡಿಸಿದೆ. ಎರಡೆಲೆ. ಅಯೋರ್ಟಾ 4.6. ಬಿಪಿ 160. ಚೀಲ ಹೊರುವುದು ನಿಲ್ಲಿಸಲೇಬೇಕು ಅಂದರು. ಉಸಿರು ಬಿಗಿಹಿಡಿದು ಎತ್ತುವಾಗ ಒಮ್ಮೆಲೇ ಬಿಪಿ ಏರಿ ಆ ನಾಳ ಸೀಳುವ ಅಪಾಯ ಇದೆ. ಕಾಕಾ ಕೇಳಿದ್ದು ಒಂದೇ: "ಮತ್ತ ಉಣ್ಣಾಕ?" ಡಾಕ್ಟರ್ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ, ನನ್ನ ಹತ್ತಿರವೂ. ಕೊನೆಗೆ ಗಿರಣಿ ಮಾಲೀಕರ ಹತ್ತಿರ ನಾನು, ಅಣ್ಣ ಹೋಗಿ ಮಾತಾಡಿದೆವು. ಈಗ ತೂಕದ ಕಾಟಾ ಹತ್ತಿರ ಚೀಲ ಎಣಿಸಿ ಬರೆದುಕೊಳ್ಳುವ ಕೆಲಸ ಕೊಟ್ಟಿದ್ದಾರೆ. ಕೂಲಿ ಕಡಿಮೆ. ಬಿಪಿ ಗುಳಿಗೆ ತೆಗೆದುಕೊಳ್ಳುತ್ತಿದ್ದಾನೆ, ಮುಂದಿನ ಫೆಬ್ರವರಿಗೆ ಮತ್ತೆ ಅಳತೆ.

ಕಾಕಾನ ಮಗ ಬೆಂಗಳೂರಲ್ಲಿದ್ದಾನೆ, ಅಲ್ಲೇ ಮಾಡಿಸಿ ರಿಪೋರ್ಟ್ ವಾಟ್ಸಾಪ್‌ನಲ್ಲಿ ಕಳಿಸಿದ. ಮೂರು ಎಲೆ.

ಉಳಿದದ್ದು ಕಾಕಾನ ಮಗಳು. 24 ವರ್ಷ, ಬಿ.ಎಡ್. ಮುಗಿಸಿ ಕಾರಟಗಿಯಲ್ಲಿ ಪಾಠ ಮಾಡುತ್ತಾಳೆ. ಅವಳಿಗೆ ವರ ನೋಡುತ್ತಿದ್ದಾರೆ. ಕಾಕು ನನ್ನನ್ನು ಅಡಿಗೆಮನೆಗೆ ಕರೆದು ಹೇಳಿದಳು: "ನಿನ್ನ ಕೈ ಮುಗೀತೀನಿ, ಮದಿವಿ ಆಗೂತನಾ ಸುಮ್ಕಿರು. ಎದಿ ತೋರಿಸ್ಯಾರ ಅಂತ ಒಂದು ಮಾತು ಹೊರಗ ಹೋದ್ರ ಯಾರು ಬರ್ತಾರ?" ನನಗೆ ಕಾಕುವಿನ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದು ಸುಳ್ಳಲ್ಲ. ಒಂದು ಮನೆಯವರು ಅಣ್ಣನ ಆಪರೇಷನ್ ಸುದ್ದಿ ಕೇಳಿಯೇ ಹಿಂದೆ ಸರಿದಿದ್ದರು. ಆದರೂ ಹೇಳಿದೆ: ಎಕೋ ಮಾಡಿಸದಿದ್ದರೆ ಎಲೆ ಎರಡಿದ್ದದ್ದು ಮೂರಾಗುವುದಿಲ್ಲ ಕಾಕು, ನಾಳೆ ಅವಳು ಬಸುರಿಯಾದಾಗ ತಿಳಿಯುವುದಕ್ಕಿಂತ ಇವತ್ತು ತಿಳಿಯಲಿ. ನನ್ನನ್ನು ನೋಡು, ಎರಡೆಲೆ ಇಟ್ಟುಕೊಂಡೇ ಸಂಸಾರ ಮಾಡುತ್ತಿಲ್ಲವಾ? ಕಾಕು ಒಲೆಯ ಕಡೆ ತಿರುಗಿ ರೊಟ್ಟಿ ತಟ್ಟತೊಡಗಿದಳು. ಮಾತು ಅಲ್ಲಿಗೆ ಮುಗಿಯಿತು. ಎರಡು ತಿಂಗಳು ನಾನು ಮತ್ತೆ ಆ ಮಾತು ಎತ್ತಲಿಲ್ಲ. ನೋಟ್‌ಬುಕ್‌ನಲ್ಲಿ ಅವಳ ಹೆಸರಿನ ಮುಂದೆ ಜಾಗ ಖಾಲಿ ಇತ್ತು.

ಮೊನ್ನೆ ರಾತ್ರಿ ಒಂಬತ್ತೂವರೆಗೆ ಅವಳೇ ಫೋನ್ ಮಾಡಿದಳು. ಪಕ್ಕದಲ್ಲಿ ಯಾರೋ ಇದ್ದ ಹಾಗಿತ್ತು, ದನಿ ಸಣ್ಣದು ಮಾಡಿದ್ದಳು. "ಅಕ್ಕಾ, ಸೋಮವಾರ ನಮ್ಮ ಶಾಲಿ ರಜಾ ಐತಿ. ಅವ್ವಗ ಹೇಳೀನಿ. ಅಕಿನೂ ಬರ್ತಾಳಂತ."

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೆಸರು ಬರೆಸಿದ್ದೇನೆ. ಅಣ್ಣನ ರಿಪೋರ್ಟಿನ ಜೆರಾಕ್ಸ್, ಕಾಕಾನದು, ನನ್ನದು, ಅಪ್ಪನ 1998ರ ಆ ಹಾಳೆ – ನಾಲ್ಕನ್ನೂ ಒಂದು ಫೈಲಿಗೆ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದೇನೆ.